ಗೋಡೆಯವರು ಬ್ರಷ್ಷು ತೊಳೆದದ್ದು

ಬ್ರಷ್ಷು ತೊಳೆಯುವುದನ್ನು ತಮಗೆ ಹೇಳಿಕೊಡುವಂಥ ಗಂಡಸು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಗೋಡೆಯವರು ಬಲವಾಗಿ ನಂಬಿದ್ದರು. ಹೆಂಗಸೊಬ್ಬಳು ಹುಟ್ಟಿ, ಬೆಳೆದು, ತಮ್ಮನ್ನೇ ಮದುವೆಯಾಗಿ, ಅದೇ ಮನೆಯಲ್ಲಿ ಕೂತಿದ್ದಾಳೆ ಎಂಬುದು ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಎಡವಿದ್ದು ಅಲ್ಲೇ.

ಗೋಡೆಯವರು ಎಂಬುದು ಬೀದಿಯವರು ಇಟ್ಟ ಹೆಸರು. ಅವರು ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರು. ಹೆಂಡತಿ ಮದುಮಗಳಂದಿರಿಗೆ ಮೇಕಪ್ ಮಾಡುವವರು. ಗಂಡ ಗೋಡೆಗೆ ಬಣ್ಣ ಹಚ್ಚುತ್ತಾನೆ, ಹೆಂಡತಿ ಮುಖಕ್ಕೆ ಹಚ್ಚುತ್ತಾಳೆ ಎಂದು ಆಡಿಕೊಳ್ಳುತ್ತಾ ಆಡಿಕೊಳ್ಳುತ್ತಾ ಅವರು ಗೋಡೆಯವರಾದರು, ಇವರು ಮುಖದವರಾದರು. ಹಾಲು ತರುವವಳು ಕೂಡ ಬಾಗಿಲಲ್ಲಿ ನಿಂತು, "ಮುಖದವ್ರೇ, ಪಾತ್ರೆ ತನ್ನಿ" ಎಂದು ಕೂಗುವ ಮಟ್ಟಕ್ಕೆ ಅದು ಬಂದು ನಿಂತಿತ್ತು.

ಒಂದೇ ಸೂರಿನಡಿ ಬಣ್ಣದವರಿಬ್ಬರಿದ್ದರೆ ಜಗಳಕ್ಕೇನು ಬರ?

"ನಿಮ್ಮದೇನು ಬಿಡಿ, ಬಳಿಯೋ ಕೆಲಸ. ಗೋಡೆ ಎಲ್ಲಾದ್ರೂ ಕನ್ನಡಿ ನೋಡ್ಕೊಂಡು ತಕರಾರು ಮಾಡತ್ತಾ?" ಎಂದು ಮುಖದವರು ಕೆಣಕುತ್ತಿದ್ದರು.

"ನಿಂದು ಸಂಜೆ ಮುಖ ತೊಳೆದ್ರೆ ಚರಂಡಿಗೆ ಹೋಯ್ತು. ನಂದು ಮಳೆ ಬಿಸಿಲು ತಡ್ಕೊಂಡು ವರ್ಷಗಟ್ಟಲೆ ನಿಲ್ಲತ್ತೆ" ಎಂದು ಗೋಡೆಯವರು ಮೀಸೆ ತಿರುವುತ್ತಿದ್ದರು. ಮೀಸೆಯ ಒಂದು ತುದಿಯಲ್ಲಿ ಯಾವಾಗಲೂ ಯಾರದೋ ಮನೆಯ ಬಣ್ಣ ಇದ್ದೇ ಇರುತ್ತಿತ್ತು.

ಹೀಗೆ ಚೆನ್ನಾಗಿಯೇ ಜಗಳವಾಡಿಕೊಂಡಿದ್ದ ಸಂಸಾರ. ಚಳಿಗಾಲದ ಒಂದು ಬೆಳಿಗ್ಗೆ ಮುಖದವರು ಟೀ ಲೋಟ ಎತ್ತಿಕೊಳ್ಳಲು ಹೋದರು. ಲೋಟ ಮೇಲೇಳಲಿಲ್ಲ. ಬಲಗೈ ಮಾತು ಕೇಳುವುದನ್ನು ನಿಲ್ಲಿಸಿಬಿಟ್ಟಿತ್ತು. ಲಕ್ವ ಎಂದರು ಡಾಕ್ಟರು. ಆಸ್ಪತ್ರೆಯಿಂದ ಬಂದ ಮೇಲೆ ಕಾಲು ಸುಧಾರಿಸಿತು, ಮಾತು ಸುಧಾರಿಸಿತು. ಮಾತು ಮೊದಲಿಗಿಂತಲೂ ಹರಿತವಾಗಿದೆ ಎಂದು ಗೋಡೆಯವರು ಬಂದವರೆದುರೆಲ್ಲ ದೂರು ಹೇಳಿ ನಗಿಸುತ್ತಿದ್ದರು. ಕೈ ಮಾತ್ರ ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ಕೈಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದವಳು ಒಂದು ಮೆತ್ತನೆಯ ಚೆಂಡು ಕೊಟ್ಟು, ದಿನಾ ಹಿಸುಕಲು ಹೇಳಿದ್ದಳು. ಗೋಡೆಯವರು ಪಕ್ಕದಲ್ಲಿ ಕೂತು ಹುರಿದುಂಬಿಸುತ್ತಿದ್ದರು. "ಒತ್ತು, ಒತ್ತು, ಇನ್ನೇನು ಬಂದೇಬಿಡ್ತು!" ಚೆಂಡಿನ ಮೇಲೆ ಒಂದು ಗುಳಿಯೂ ಬೀಳುತ್ತಿರಲಿಲ್ಲ. "ನಿನ್ನೆಗಿಂತ ಪರವಾಗಿಲ್ಲ" ಎಂದು ಹೇಳಿ ಅವರು ಎದ್ದುಹೋಗುತ್ತಿದ್ದರು. ಮುಖದವರು ಚೆಂಡನ್ನು ಎಡಗೈಯಿಂದ ತೆಗೆದು ಕಿಟಕಿಯ ಮೇಲಿಡುತ್ತಿದ್ದರು.

ಅಷ್ಟರಲ್ಲಿ ಮಗಳ ಮದುವೆ ಬಂತು. ಮಗಳು ಬೇರೆ ಊರಿನಲ್ಲಿ ಶಾಲೆಯೊಂದರಲ್ಲಿ ಟೀಚರು. ಮದುವೆ ಭಾನುವಾರ, ಅವಳು ಮನೆಗೆ ಬರುವುದು ಶುಕ್ರವಾರ. ಛತ್ರ, ಅಡುಗೆಯವರು, ಬಟ್ಟೆಬರೆ ಎಲ್ಲ ಗೊತ್ತಾಗಿತ್ತು. ಗೊತ್ತಾಗದೇ ಉಳಿದದ್ದು ಒಂದೇ. ಮದುಮಗಳ ಮುಖ.

ಮಗಳ ಮುಖಕ್ಕೆ ತನ್ನ ಕೈಯೇ ಎಂದು ಮುಖದವರು ಆ ಮಗು ಅಂಬೆಗಾಲಿಡುತ್ತಿದ್ದಾಗಲೇ ಘೋಷಿಸಿಬಿಟ್ಟಿದ್ದರು. ಊರವರ ಹೆಣ್ಣುಮಕ್ಕಳನ್ನೆಲ್ಲ ಸಿಂಗರಿಸಿ ಕಳಿಸಿ ಬಂದು, ಚಪ್ಪಲಿ ಬಿಡುವ ಮೊದಲೇ, "ಇವತ್ತಿನ ಹುಡುಗಿಗೆ ರೆಪ್ಪೆ ಸ್ವಲ್ಪ ಜಾಸ್ತಿ ಆಯ್ತು ರೀ, ನಮ್ಮವಳಿಗೆ ಹಗುರಾಗಿ ಮಾಡ್ತೀನಿ" ಎನ್ನುತ್ತಿದ್ದರು. ಹೀಗೆ ಎಷ್ಟೋ ಮದುಮಗಳಂದಿರ ಮುಖದ ಮೇಲೆ ಮಗಳ ಮುಖವನ್ನು ತಿದ್ದಿ ತಿದ್ದಿ ಇಟ್ಟುಕೊಂಡಿದ್ದರು. ಈಗ ಮಗಳು ಫೋನಿನಲ್ಲಿ ಮೆಲ್ಲಗೆ ಕೇಳಿದಳು.

"ಅಮ್ಮಾ, ಆಗತ್ತಾ? ಇಲ್ಲಾಂದ್ರೆ ಹೇಳು, ಬೇರೆ ಯಾರಿಗಾದ್ರೂ..."

"ಆಗ್ದೇ ಏನು?" ಎಂದು ಮುಖದವರು ಫೋನಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಗೋಡೆಯವರಿಗೆ ಆ ಮಾತು ಕೇಳಿ ಎದೆ ಉಬ್ಬಿತು. ಬಾಗಿಲು ಹಾಕಿಕೊಂಡದ್ದನ್ನು ಅವರು ಅಷ್ಟಾಗಿ ಗಮನಿಸಲಿಲ್ಲ.

ಬುಧವಾರ ಸಂಜೆ ಬೇಗ ಕೆಲಸ ಮುಗಿಸಿ ಬಂದವರು ಕತ್ತರಿ ಹುಡುಕುತ್ತಾ ಹೆಂಡತಿಯ ಕಪಾಟು ತೆರೆದರು. ಕತ್ತರಿಯ ಬದಲು ಬಟ್ಟೆಯ ಸುರುಳಿ ಕೈಗೆ ಬಂತು. ಮುಖದವರ ಬ್ರಷ್ಷುಗಳು ಸಾಲಾಗಿ ಮಲಗುವ ಸುರುಳಿ. ಬಿಚ್ಚಿ ನೋಡಿದರು. ಬ್ರಷ್ಷುಗಳ ತುಂಬ ಬಣ್ಣ ಮೆತ್ತಿಕೊಂಡಿತ್ತು. ಕೆನ್ನೆಯ ಕೆಂಪು, ಕಣ್ಣಿನ ಕಪ್ಪು, ಫೌಂಡೇಶನ್ನಿನ ಗಂಧದ ಬಣ್ಣ, ಒಂದರ ಮೇಲೊಂದು. ಕೆಲಸದಿಂದ ಬಂದ ಸಂಜೆಯೇ, ಊಟಕ್ಕೂ ಕೂರದೆ ಬ್ರಷ್ಷು ತೊಳೆದಿಡುತ್ತಿದ್ದ ಹೆಂಗಸು. ಕೈ ಬಿದ್ದುಹೋಗುವ ಮುಂಚಿನ ಕೊನೆಯ ಮದುವೆಯ ಬಣ್ಣವೇ ಇರಬೇಕು ಇದು, ಪಾಪ, ನೋಡಲೂ ಮನಸ್ಸಾಗದೆ ಹಾಗೇ ಸುತ್ತಿಟ್ಟುಬಿಟ್ಟಿದ್ದಾಳೆ ಎಂದು ಅವರು ತೀರ್ಮಾನಿಸಿದರು. ಅವರ ತೀರ್ಮಾನಗಳು ಯಾವಾಗಲೂ ಒಂದೇ ಕೋಟು ಬಣ್ಣದಲ್ಲಿ ಮುಗಿಯುತ್ತಿದ್ದವು.

ಸಂಕಲ್ಪವೂ ಅಲ್ಲೇ ಹುಟ್ಟಿತು. ಹೆಂಡತಿಗೆ ಗೊತ್ತಾಗದಂತೆ ಇವನ್ನು ತೊಳೆದು, ಒಣಗಿಸಿ, ಲಕಲಕ ಎನ್ನಿಸಿ, ಅವಳ ಕನ್ನಡಿಯ ಮುಂದೆ ಸಾಲಾಗಿ ಜೋಡಿಸಿಡುವುದು. ಬೆಳಿಗ್ಗೆ ಎದ್ದವಳು ನೋಡುತ್ತಾಳೆ. ನೋಡಿದ ಕೂಡಲೇ ಕೈಗೆ ಹುರುಪು ಬರುತ್ತದೆ. ಕೈ ತಾನಾಗಿ ಮೇಲೇಳುತ್ತದೆ. ಡಾಕ್ಟರಿಂದ ಆಗದ್ದು ಪೇಂಟರಿಂದ ಆಗುತ್ತದೆ.

ಗೋಡೆಯವರ ಶಾಸ್ತ್ರದ ಪ್ರಕಾರ ಬ್ರಷ್ಷು ರಾತ್ರಿಯಿಡೀ ನೀರಿನಲ್ಲಿ ನಿಂತಿರಬೇಕು. ಪೇಂಟರುಗಳು ಮಾಡುವುದೇ ಹಾಗೆ. ಸಂಜೆ ಬಕೆಟ್ಟಿನಲ್ಲಿ ಮುಳುಗಿಸಿಟ್ಟರೆ ಬಣ್ಣ ಗಟ್ಟಿಯಾಗುವುದಿಲ್ಲ, ಬೆಳಿಗ್ಗೆ ಎರಡು ಸಲ ಕೊಡವಿ, ಗೋಡೆಗೆ ನಾಲ್ಕು ಬಡಿದರೆ ಬ್ರಷ್ಷು ಕೆಲಸಕ್ಕೆ ರೆಡಿ. ಅವರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಬಕೆಟ್ಟಿಗೆ ನೀರು ಬಿಟ್ಟರು. ಬಟ್ಟೆ ಸೋಪಿನ ಪುಡಿ ಒಂದು ಹಿಡಿ ಹಾಕಿದರು. ಎಣ್ಣೆಜಿಡ್ಡಿನ ಬಣ್ಣ ಬರೀ ಸೋಪಿಗೆ ಜಗ್ಗುವುದಿಲ್ಲ ಎಂದು ತಮ್ಮ ಡಬ್ಬಿಯಿಂದ ಬಣ್ಣ ಕರಗಿಸುವ ಥಿನ್ನರನ್ನೂ ಒಂದು ಮುಚ್ಚಳ ಸುರಿದರು.

ಹೊರಗಿನಿಂದ ಮುಖದವರ ದನಿ ಬಂತು. "ಒಳಗೆ ಏನ್ ಮಾಡ್ತಿದ್ದೀರಿ?"

"ಸ್ನಾನ."

"ಬೆಳಿಗ್ಗೆ ಆಯ್ತಲ್ಲ."

"ಇನ್ನೊಂದ್ಸಲ ಮಾಡ್ಬಾರ್ದು ಅಂತ ಏನಾದ್ರೂ ಇದ್ಯಾ?"

"ಥಿನ್ನರ್ ವಾಸನೆ ಬರ್ತಿದೆ."

"ಮೈಯೆಲ್ಲಾ ಬಣ್ಣ ಆಗಿದೆ ಕಣೇ."

"ಹಾಗಂತ ಥಿನ್ನರಲ್ಲಿ ಸ್ನಾನ ಮಾಡ್ತಾರಾ? ಇರೋ ನಾಲ್ಕು ಕೂದ್ಲೂ ಹೋಗತ್ತೆ."

ಕೂದಲು ಹೋಗುತ್ತದೆ ಎಂಬ ಮಾತು ಆಗಲೇ ಕಿವಿಗೆ ಬಿದ್ದಿತ್ತು. ಗೋಡೆಯವರು ಅದನ್ನು ತಮ್ಮ ತಲೆಗೆ ಸಂಬಂಧಿಸಿದ್ದು ಎಂದುಕೊಂಡರು. ಬ್ರಷ್ಷುಗಳನ್ನು ನೆಟ್ಟಗೆ ನಿಲ್ಲಿಸಿ, ಹಿಡಿಯ ಅರ್ಧದವರೆಗೆ ಮುಳುಗಿಸಿ, ಬಕೆಟ್ಟನ್ನು ಹಿತ್ತಲ ಬಾಗಿಲ ಪಕ್ಕ ತಮ್ಮ ಏಣಿಯ ಹಿಂದೆ ಬಚ್ಚಿಟ್ಟು, ಮೇಲೊಂದು ಹಳೇ ಚಾದರ ಹೊದಿಸಿ, ಆ ದಿನ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಬೆಳಿಗ್ಗೆ ಚಾದರ ಸರಿಸಿ ನೋಡಿದರೆ ಬಕೆಟ್ಟಿನ ತುಂಬ ಕೂದಲು ತೇಲುತ್ತಿತ್ತು.

ಮೊದಲಿಗೆ ಅವರಿಗೆ ಇಲಿಯೇನಾದರೂ ಬಿದ್ದಿದೆಯೇ ಎನ್ನಿಸಿತು. ಕೈಹಾಕಿ ಪೌಡರಿನ ದೊಡ್ಡ ಬ್ರಷ್ಷನ್ನು ಮೇಲೆತ್ತಿದರು. ಹಿಡಿ ಬಂತು, ತಲೆ ಬರಲಿಲ್ಲ. ಇನ್ನೊಂದನ್ನು ಎತ್ತಿದರು. ಅದರ ಹಿಡಿಯ ಮರ ಊದಿಕೊಂಡು, ಮೇಲಿನ ಕಪ್ಪು ಪಾಲಿಶ್ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಗೋಡೆಯ ಬ್ರಷ್ಷಿನ ಕೂದಲು ಕೂತಿರುವುದು ಕಲ್ಲಿನಂಥ ಅಂಟಿನಲ್ಲಿ, ಅದಕ್ಕೆ ನೀರೂ ಒಂದೇ, ಥಿನ್ನರೂ ಒಂದೇ. ಮುಖದ ಬ್ರಷ್ಷಿನದು ಹಾಗಲ್ಲ. ಕೂದಲನ್ನು ಹಿಡಿದಿಡುವ ಆ ಪುಟ್ಟ ತಗಡಿನ ಕೊಳವೆಯೊಳಗೆ ಇರುವುದೇ ಒಂದು ತೊಟ್ಟು ಅಂಟು. ಅದು ರಾತ್ರಿಯಿಡೀ ಕರಗಿ ಕರಗಿ ನೀರಾಗಿತ್ತು. ಗೋಡೆಯವರು ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸ್ವಲ್ಪ ಹೊತ್ತು ಬೆವರಿದರು.

ಕೆಲಸಕ್ಕೆ ಹೊಟ್ಟೆನೋವೆಂದು ರಜೆ ಹೇಳಿ ರಿಪೇರಿಗೆ ಇಳಿದರು. ಹೊಸದು ತಂದಿಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಹೊಸ ಬ್ರಷ್ಷು ಹತ್ತಾರು ಮುಖಗಳ ಮೇಲೆ ಓಡಾಡಿ ಪಳಗುವವರೆಗೆ ಮದುಮಗಳನ್ನು ಮುಟ್ಟಬಾರದು ಎಂಬುದು ಮುಖದವರ ಕಟ್ಟುನಿಟ್ಟು. ಹಾಗಾಗಿ ಇದ್ದದ್ದನ್ನೇ ಬದುಕಿಸಬೇಕು. ಅಡುಗೆಮನೆಯಿಂದ ಟೀ ಸೋಸುವ ಜಾಲರಿ ತಂದು ಕೂದಲನ್ನೆಲ್ಲ ಸೋಸಿದರು. ಹಳೇ ಪೇಪರಿನ ಮೇಲೆ ಉದ್ದದ್ದು ಬೇರೆ, ಗಿಡ್ಡದ್ದು ಬೇರೆ, ಕಪ್ಪು ಬೇರೆ, ಕಂದು ಬೇರೆ ಎಂದು ಗುಡ್ಡೆ ಹಾಕಿದರು. ಇಷ್ಟು ನಾಜೂಕಿನ ಕೆಲಸವನ್ನು ಅವರ ಕೈ ಜನ್ಮದಲ್ಲಿ ಮಾಡಿರಲಿಲ್ಲ. ಬೇಗ ಒಣಗಲಿ ಎಂದು ಎದ್ದು ಫ್ಯಾನ್ ಹಾಕಿದರು.

ಉದ್ದ, ಗಿಡ್ಡ, ಕಪ್ಪು, ಕಂದು ಎಲ್ಲ ಒಂದಾಗಿ ಮೇಲೆದ್ದವು. ಪರದೆಗೆ ಹತ್ತಿದವು, ಗಡಿಯಾರಕ್ಕೆ ಹತ್ತಿದವು, ಗೋಡೆಯವರ ಹುಬ್ಬಿಗೂ ಮೀಸೆಗೂ ಹತ್ತಿದವು. ಅವರು ಕೂದಲನ್ನು ಹಿಡಿಯಲು ಕೋಣೆಯ ತುಂಬ ಓಡಾಡಿದರು. ಸಿಕ್ಕಷ್ಟನ್ನು ಸೇರಿಸಿ, ಬಡಗಿಗಳು ಮರಕ್ಕೆ ಹಚ್ಚುವ ಅಂಟಿನಲ್ಲಿ ಅದ್ದಿ ತಗಡಿನೊಳಗೆ ತುರುಕಿದರು. ಅದು ಒಣಗಲೆಂದು ಮಗಳು ಬಿಟ್ಟುಹೋಗಿದ್ದ ಹೇರ್ ಡ್ರೈಯರ್ ಹಿಡಿದರು. ಕೂದಲು ಸುರುಳಿಗಟ್ಟಿ ಸುಟ್ಟ ವಾಸನೆ ಬಂತು. ಪೌಡರಿನ ಬ್ರಷ್ಷು ಮೊಳೆಯ ಹಾಗೆ ಗಟ್ಟಿಯಾಯಿತು, ಹುಬ್ಬಿನ ಬ್ರಷ್ಷು ಪೂರ್ತಿ ಬೋಳಾಯಿತು, ಅವರ ಹೆಬ್ಬೆರಳೂ ತೋರುಬೆರಳೂ ಅಂಟಿಕೊಂಡು ಒಂದೇ ಬೆರಳಾದವು.

ಅದೇ ಹೊತ್ತಿಗೆ ಅಡುಗೆಮನೆಯಿಂದ ಕೂಗು ಬಂತು. "ಟೀ ಸೋಸೋದು ಎಲ್ಲಿ?"

"ಯಾಕೆ?" ಎಂದರು ಗೋಡೆಯವರು.

"ಯಾಕೆ ಅಂದ್ರೆ? ಟೀ ಸೋಸೋಕೆ."

ಅವರು ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದು, ಪಂಚೆಗೆ ಒರೆಸಿ, ಅಂಟಿದ ಬೆರಳುಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಯ್ದು ಕೊಟ್ಟರು. ಮುಖದವರು ಎಡಗೈಯಿಂದಲೇ ಟೀ ಸೋಸಿ, ಎಡಗೈಯಿಂದಲೇ ಲೋಟ ಎತ್ತಿ ಒಂದು ಗುಟುಕು ಕುಡಿದರು. ನಿಂತರು. ನಾಲಿಗೆಯ ಮೇಲಿಂದ ಏನನ್ನೋ ಎರಡು ಬೆರಳಲ್ಲಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು.

"ಇದು ನನ್ನ ಪೌಡರ್ ಬ್ರಷ್ಷಿನ ಕೂದಲು" ಎಂದರು.

ಸಾವಿರ ಕೂದಲಿನಲ್ಲಿ ಒಂದನ್ನು ನೋಡಿ ಯಾವ ಬ್ರಷ್ಷಿನದೆಂದು ಹೇಳುವ ಹೆಂಗಸಿನ ಮುಂದೆ ಸುಳ್ಳು ಹೇಳಿ ಏನು ಪ್ರಯೋಜನ? ಗೋಡೆಯವರು ಹೋಗಿ ಎಲ್ಲವನ್ನೂ ಪೇಪರಿನ ಸಮೇತ ತಂದು ಮೇಜಿನ ಮೇಲಿಟ್ಟರು. ನಡೆದದ್ದನ್ನು ಬಕೆಟ್ಟಿನಿಂದ ಹಿಡಿದು ಫ್ಯಾನಿನವರೆಗೆ ಒಪ್ಪಿಸಿದರು. ಮುಖದವರು ಒಂದೊಂದನ್ನೇ ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟರು. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತ ಗೋಡೆಯವರಿಗೆ ಏನೂ ಬಂದು ಬೀಳಲಿಲ್ಲ. ಅದರಿಂದಲೇ ಅವರಿಗೆ ಹೆದರಿಕೆಯಾಯಿತು.

"ಬೈಯೇ" ಎಂದರು.

"ಏನಂತ ಬೈಲಿ? ಉಗುರು ಬೆಚ್ಚಗಿನ ನೀರು. ಒಂದು ತೊಟ್ಟು ಶಾಂಪೂ. ಅಂಗೈ ಮೇಲಿಟ್ಟು ಮೆತ್ತಗೆ ತಿರುಗಿಸಬೇಕು. ಕೂದಲು ಕೆಳಮುಖ ಇರ್ಬೇಕು, ತಗಡಿನೊಳಗೆ ನೀರು ಹೋಗ್ಬಾರ್ದು. ಆಮೇಲೆ ಟವೆಲ್ಲಲ್ಲಿ ಒತ್ತಿ, ತುದಿ ಸರಿಮಾಡಿ, ಮೇಜಿನ ಅಂಚಿಗೆ ಮಲಗಿಸಿದ್ರೆ ಆಯ್ತು, ಕೂದಲು ಹೊರಗೆ ಚಾಚೋ ಹಾಗೆ. ಗಾಳಿಗೆ ತಾನೇ ಒಣಗತ್ತೆ."

"ಅಷ್ಟೇನಾ?"

"ಅಷ್ಟೇ. ಇಷ್ಟು ವರ್ಷ ನಿಮ್ಮ ಎದುರಿಗೇ ಕೂತು ಮಾಡಿದೀನಿ."

"ನಾನು ಟಿವಿ ನೋಡ್ತಿದ್ದೆ ಅನ್ಸತ್ತೆ" ಎಂದರು ಗೋಡೆಯವರು. ಅಂಟಿದ ಬೆರಳುಗಳನ್ನು ಬಿಡಿಸಲು ನೋಡುತ್ತಾ, "ನಿನಗೋಸ್ಕರ ಮಾಡ್ದೆ ಕಣೇ. ಕೈ ಹೀಗಾದಾಗಿಂದ ಕೊಳೆ ಹಿಡ್ಕೊಂಡು ಹಾಗೇ ಬಿದ್ದಿತ್ತಲ್ಲ, ನೋಡೋಕಾಗ್ಲಿಲ್ಲ" ಎಂದರು.

"ಹಾಗೇ ಬಿದ್ದಿತ್ತು ಅಂತ ಯಾರು ಹೇಳಿದ್ದು?"

"ಬಣ್ಣ ಇತ್ತಲ್ಲ."

"ಬಣ್ಣ ಇತ್ತು. ಒಣಗಿತ್ತಾ, ಹಸಿ ಇತ್ತಾ?" ಮುಖದವರು ತಲೆಯೆತ್ತಿ ನೋಡಿದರು. "ಪೇಂಟರಾಗಿ ಒಂದ್ಸಲ ಬೆರಳು ಒತ್ತಿ ನೋಡೋಕಾಗ್ಲಿಲ್ವಾ ನಿಮಗೆ? ನೀವು ಕೆಲಸಕ್ಕೆ ಹೋದ ಮೇಲೆ ನಾನು ದಿನಾ ಕೂತ್ಕೋತಿದ್ದೆ. ಎಡಗೈಯಲ್ಲಿ. ನನ್ನ ಮುಖಕ್ಕೇ ಹಚ್ಚಿ ಹಚ್ಚಿ ನೋಡ್ತಿದ್ದೆ. ನೀವು ಬರೋದ್ರೊಳಗೆ ಮುಖ ತೊಳೆದುಬಿಡ್ತಿದ್ದೆ. ಬ್ರಷ್ಷು ತೊಳೆಯೋಕೆ ಎರಡು ಕೈ ಬೇಕು."

ಗೋಡೆಯವರಿಗೆ ಬಚ್ಚಲಿನ ಟವೆಲ್ಲು ನೆನಪಾಯಿತು. ಅದು ಕೆಂಪಾಗುತ್ತಿದೆ ಎಂದು, ನೀರಿನಲ್ಲಿ ತುಕ್ಕು ಬರುತ್ತಿದೆ ಎಂದು, ಅವರು ಹೋದ ವಾರವಷ್ಟೇ ಪ್ಲಂಬರನ್ನು ಕರೆಸಿ, ಜಗಳವಾಡಿ, ಚೆನ್ನಾಗಿದ್ದ ಪೈಪನ್ನು ಕೀಳಿಸಿ ಹೊಸದು ಹಾಕಿಸಿದ್ದರು. ಆವತ್ತು ಮುಖದವರು ಬಾಗಿಲಲ್ಲಿ ನಿಂತು, "ಹೌದು, ತುಕ್ಕೇ ಇರ್ಬೇಕು" ಎಂದಿದ್ದರು.

"ಹಾಗಾದ್ರೆ ಬಂತಾ?" ಗೋಡೆಯವರ ಮುಖ ಅರಳಿತು. "ಎಡಗೈಯಲ್ಲೇ ಬರತ್ತಾ?" ಕೇಳಿದ ಮರುಕ್ಷಣವೇ ಮೇಜಿನ ಮೇಲಿನ ಬೋಳು ಬ್ರಷ್ಷುಗಳು ಕಣ್ಣಿಗೆ ಬಿದ್ದು ಅದು ಬಾಡಿತು. "ಅಯ್ಯೋ, ನಾನೇ ಎಲ್ಲಾ ಹಾಳು ಮಾಡಿದ್ನಲ್ಲೇ."

ಮುಖದವರು ಮೇಜಿನ ಡ್ರಾಯರಿನಿಂದ ಕಾಡಿಗೆಯ ಪೆನ್ಸಿಲ್ ತೆಗೆದರು. "ಕೈ ಕೊಡಿ ಇಲ್ಲಿ."

ಗೋಡೆಯವರು ಕೈ ಚಾಚಿದರು. ಮುಖದವರು ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಉಸಿರು ಬಿಗಿಹಿಡಿದು, ಗಂಡನ ಮೊಣಕೈಯ ಕೆಳಗೆ ಕಣ್ಣಿಗೆ ಎಳೆಯುವಂಥ ಒಂದು ಗೆರೆ ಎಳೆದರು. ಶುರು ಚೆನ್ನಾಗಿತ್ತು. ಆಮೇಲೆ ಗೆರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲೆದಾಡಿತು. ಅದರ ಕೆಳಗೆ ಇನ್ನೊಂದು ಎಳೆದರು. ಅದೂ ಅಷ್ಟೇ. ಇನ್ನೊಂದನ್ನು ಅರ್ಧಕ್ಕೇ ಬಿಟ್ಟರು.

"ನೇರ ಇದ್ಯಾ?"

"ಪರವಾಗಿಲ್ಲ, ಸ್ವಲ್ಪ..."

"ಚೆಂಡು ಹಿಸುಕಿಸೋವಾಗ ಹೇಳ್ತೀರಲ್ಲ, ಹಾಗೆ ಹೇಳ್ಬೇಡಿ. ಸೂರಿನ ಅಂಚಲ್ಲಿ ದಾರ ಹಿಡೀದೆ ಗೆರೆ ಎಳೆಯೋರು ನೀವು. ಗೆರೆ ನೋಡಿ ಹೇಳಿ."

ಗೋಡೆಯವರು ತಮ್ಮ ಕೈಯನ್ನೇ ನೋಡುತ್ತಾ ನಿಂತರು. ಬೇರೆಯವರ ಗೆರೆಯಲ್ಲಿ ಕೂದಲೆಳೆಯ ಸೊಟ್ಟನ್ನೂ ಕಂಡುಹಿಡಿದು ಏಣಿಯ ಮೇಲಿಂದಲೇ ಬೈಯುವ ಮನುಷ್ಯ.

"ಇಲ್ಲ ಕಣೇ" ಎಂದರು. "ನೇರ ಇಲ್ಲ."

"ಹೂಂ. ನನಗೂ ಗೊತ್ತಾಗಿತ್ತು. ಬ್ರಷ್ಷು ಇದ್ರೂ ಅಷ್ಟೇ, ಹೋದ್ರೂ ಅಷ್ಟೇ. ಮಗಳಿಗೆ ಹೇಳೋಕೆ ನಾಲಿಗೆ ಏಳ್ತಿರ್ಲಿಲ್ಲ."

ಇಷ್ಟು ದಿನ ಗೋಡೆಯವರು ಮೊಣಕಾಲು ಊರಿ ಕೂತು ಹುರಿದುಂಬಿಸಿದ್ದು ಯಾರನ್ನು? ಕೈ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಗಂಡ ಬೇಜಾರು ಮಾಡಿಕೊಂಡಾನೆಂದು ದಿನಾ ಚೆಂಡನ್ನು ಅಂಗೈಯಲ್ಲಿ ಇರಿಸಿಕೊಂಡು ಕೂತಿದ್ದಳು. ಅದು ಅವರಿಗೆ ಈಗ ಹೊಳೆಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಫೋನ್ ಬಡಿದುಕೊಂಡಿತು.

ಮಗಳು. ಮುಖದವರು ಫೋನನ್ನು ಮೇಜಿನ ಮೇಲಿಟ್ಟು, ಇಬ್ಬರಿಗೂ ಕೇಳುವಂತೆ ಮಾಡಿ, ಇದ್ದಕ್ಕಿದ್ದಂತೆ ಜೋರುದನಿಯ ಹಳೇ ಮುಖದವರಾಗಿಬಿಟ್ಟರು.

"ನಿಮ್ಮಪ್ಪ ಏನ್ ಮಾಡಿದಾರೆ ಗೊತ್ತೇನೇ? ನನ್ನ ಬ್ರಷ್ಷನ್ನೆಲ್ಲಾ ಥಿನ್ನರಲ್ಲಿ ನೆನೆಹಾಕಿ ಬೋಳು ಮಾಡಿಟ್ಟಿದಾರೆ. ಒಂದೂ ಉಳಿದಿಲ್ಲ. ಈಗ ನಿನ್ನ ಮುಖಕ್ಕೆ ನಾನು ಯಾವುದ್ರಲ್ಲಿ ಹಚ್ಲಿ, ಪೊರಕೆಯಲ್ಲಾ? ಬೇರೆ ಯಾರಿಗಾದ್ರೂ ಹೇಳಿಬಿಡು. ಇಲ್ಲಾಂದ್ರೆ ನಾನೇ ಮಾಡ್ತಿದ್ದೆ."

ಕೊನೆಯ ಮಾತು ಹೇಳುವಾಗ ಅವರು ಗಂಡನ ಮುಖ ನೋಡಲಿಲ್ಲ.

"ಅಪ್ಪನಿಗೆ ಕೊಡು ಫೋನು" ಎಂದಳು ಮಗಳು. ದನಿಯಲ್ಲಿ ಅಳುವೂ ಸಿಟ್ಟೂ ಒಟ್ಟಿಗೇ ಇದ್ದವು. "ಅಪ್ಪಾ, ನಿಜಾನಾ?"

"ನಿಜಾನಮ್ಮ."

"ಜೀವಮಾನ ಪೂರ್ತಿ ಬ್ರಷ್ಷು ಹಿಡ್ಕೊಂಡಿದ್ಯಲ್ಲಪ್ಪಾ."

ಗೋಡೆಯವರೊಳಗಿನ ಪೇಂಟರು ಒಂದು ಕ್ಷಣ ಎದ್ದು ನಿಂತ. ತಪ್ಪು ಅಂಟಿನದು, ಬ್ರಷ್ಷು ಮಾಡಿದವನದು ಎಂದು ವಾದಕ್ಕೆ ಇಳಿಯುವವನಿದ್ದ. ಮುಖದವರ ಬಲಗೈ ಮೇಜಿನ ಅಂಚಿನಲ್ಲಿ ಅಂಗೈ ಮೇಲಾಗಿ ಬಿದ್ದಿತ್ತು. ಪೇಂಟರು ಕೂತುಬಿಟ್ಟ.

"ಹಿಡ್ಕೊಂಡಿದ್ದೆ. ತೊಳೆಯೋಕೆ ಬರಲ್ಲಮ್ಮ ನನಗೆ" ಎಂದರು.

ಮಗಳು ಸೊರಸೊರ ಎಂದು ಮೂಗೆಳೆದಳು. ಆಮೇಲೆ ಥಟ್ಟನೆ, "ಇರು, ಅಮ್ಮನ ಹಳೇ ಬ್ರಷ್ಷಿನ ಸೆಟ್ಟು ಇದೆಯಲ್ಲ, ದೊಡ್ಡ ಟ್ರಂಕಲ್ಲಿ! ಕೆಲಸ ಕಲಿಯೋವಾಗಿಂದು. ಅದಂತೂ ಚೆನ್ನಾಗಿ ಪಳಗಿರತ್ತೆ. ನಾಳೆ ಬಂದ ಕೂಡ್ಲೇ ತೆಗೀತೀನಿ, ಅಮ್ಮನೇ ಮಾಡ್ಬಹುದು" ಎಂದಳು. ಅವಳ ದನಿಯಲ್ಲಿ ಬಂದ ಸಂತೋಷ ಕೇಳಿ ಮುಖದವರ ಮುಖ ಬಿಳಿಚಿಕೊಂಡಿತು. ಎಡಗೈ ಹೋಗಿ ಬಲಗೈಯನ್ನು ಹಿಡಿದುಕೊಂಡಿತು.

"ಅದನ್ನೂ ತೊಳೆದುಬಿಟ್ಟೆ ಕಣಮ್ಮ" ಎಂದರು ಗೋಡೆಯವರು.

"ಭಾನುವಾರದವರೆಗೆ ನನ್ನ ಹತ್ರ ಮಾತಾಡ್ಬೇಡ ನೀನು" ಎಂದು ಹೇಳಿ ಮಗಳು ಫೋನಿಟ್ಟಳು.

ಮುಖದವರು ನಿಟ್ಟುಸಿರು ಬಿಟ್ಟರು. "ಪಾಪ, ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡ್ಲು. ಮಾಡ್ಕೊಳ್ಳಲಿ. ನಿಮ್ಮ ಮೇಲಿನ ಸಿಟ್ಟು ಎರಡು ದಿನಕ್ಕೆ ಇಳಿಯತ್ತೆ. ನನಗೆ ಆಗಲ್ಲ ಅಂದಿದ್ರೆ ಮದುವೆ ದಿನ ಪೂರ್ತಿ ನನ್ನ ಕೈ ನೋಡ್ಕೊಂಡು ಅಳ್ತಿದ್ಲು. ಗಂಡನ ಮುಖಾನೂ ನೋಡ್ತಿರ್ಲಿಲ್ಲ."

"ಹಳೇ ಸೆಟ್ಟು ನಿಜವಾಗ್ಲೂ ಇದ್ಯಾ?"

"ಇದೆ. ಒಂದು ಕೂದಲೂ ಉದುರಿಲ್ಲ."

"ನನ್ನ ಡಬ್ಬಗಳ ಹಿಂದೆ ಬಚ್ಚಿಡೋಣ. ಅವಳಿಗೆ ಎಲ್ಲಿ ಸಿಗತ್ತೆ?"

"ಅವಳಿಗೆ ಸಿಗದಿದ್ರೂ ನನಗೆ ಗೊತ್ತಿರತ್ತಲ್ಲ ರೀ. ಇದ್ರೆ ನನಗೆ ಆಸೆ ಬಿಡಲ್ಲ. ಭಾನುವಾರ ಬೆಳಿಗ್ಗೆ ನಾನೇ ಹೋಗಿ ತೆಗೀತೀನಿ. ಇನ್ನೊಂದೇ ಒಂದ್ಸಲ ನೋಡೋಣ ಅಂತ ಅವಳನ್ನ ಎದುರಿಗೆ ಕೂರಿಸ್ಕೋತೀನಿ. ಕಣ್ಣಿನ ಹತ್ರ ಕೈ ನಡುಗಿದ್ರೆ?"

ಗೋಡೆಯವರು ಹೋಗಿ ಟ್ರಂಕು ತೆರೆದರು. ಮದುವೆಯ ಬಟ್ಟೆಗಳ ಅಡಿಯಲ್ಲಿ, ಮೆತ್ತನೆಯ ಹಳೇ ಬಟ್ಟೆಯಲ್ಲಿ ಸುತ್ತಿದ ಬ್ರಷ್ಷುಗಳಿದ್ದವು. ಮುಖದವರಿಗೆ ಕೆಲಸ ಕಲಿಸಿದ ಹೆಂಗಸು ಕೈಯಾರೆ ಕೊಟ್ಟದ್ದು. ಬೆರಳು ಹಿಡಿಯುವ ಜಾಗದಲ್ಲಿ ಮರದ ಹಿಡಿ ಸವೆದು ಸಣ್ಣ ತಗ್ಗಾಗಿತ್ತು. ಗೋಡೆಯವರು ತಮ್ಮ ಹೆಬ್ಬೆರಳನ್ನು ಅಲ್ಲಿಟ್ಟು ನೋಡಿದರು, ಕೂರಲಿಲ್ಲ.

"ಇದು ಬೇಡ ಕಣೇ" ಎಂದರು.

"ಬೇಡ ಅಂದ್ರೆ ನೀವು ಮಗಳಿಗೆ ಸುಳ್ಳು ಹೇಳಿದ ಹಾಗಾಗತ್ತೆ. ಈ ವಯಸ್ಸಲ್ಲಿ ಸುಳ್ಳು ಹೇಳ್ತೀರಾ?" ಎಂದು ಮುಖದವರು ಗದರಿದರು. ಕಣ್ಣು ತುಂಬಿತ್ತು.

ಬಚ್ಚಲಿನ ಬಾಗಿಲಲ್ಲಿ ಹೆಂಡತಿಗೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಟ್ಟು ಗೋಡೆಯವರು ಬಕೆಟ್ಟಿನ ಪಕ್ಕ ಕೂತರು. ಮುಖದವರು ಎಡಗೈಯಿಂದ ಒಂದೊಂದಾಗಿ ಕೊಟ್ಟರು. ಕೊಡುವ ಮೊದಲು ಪ್ರತಿಯೊಂದರ ಕೂದಲನ್ನೂ ತಮ್ಮ ಕೆನ್ನೆಗೆ ಒಮ್ಮೆ ಸವರಿಕೊಂಡರು.

"ನೆಟ್ಟಗೆ ನಿಲ್ಲಿಸಿ. ಇನ್ನೂ ನೀರು ಬಿಡಿ. ತಗಡು ಪೂರ್ತಿ ಮುಳುಗ್ಬೇಕು, ಇಲ್ಲಾಂದ್ರೆ ಅಂಟು ಬಿಡಲ್ಲ."

"ಇಷ್ಟು ಸಾಕಾ?"

"ಇನ್ನೊಂದು ಸ್ವಲ್ಪ. ಹಾಂ, ಸಾಕು."

"ಥಿನ್ನರು?"

"ನಿನ್ನೆ ಎಷ್ಟು ಹಾಕಿದ್ರಿ?"

"ಒಂದು ಮುಚ್ಚಳ."

ಮುಖದವರು ಬಕೆಟ್ಟಿನೊಳಗೆ ಸ್ವಲ್ಪ ಹೊತ್ತು ನೋಡಿದರು. "ಎರಡು ಹಾಕಿ" ಎಂದರು. "ಇವು ಇನ್ನೂ ಗಟ್ಟಿಮುಟ್ಟಾಗಿವೆ."

ಗೋಡೆಯವರು ಎದುರಾಡಲಿಲ್ಲ. ಹೇಳಿದಂತೆಯೇ ಎರಡು ಮುಚ್ಚಳ ಅಳೆದು ಹಾಕಿದರು.